ಕ್ಯಾಂಪಸ್ ವೈದ್ಯೆಯಾಗುವ ಆಸೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಾಸನದಲ್ಲಿ ಎಂಬಿಬಿಎಸ್ ಅಂತಿಮ ವರ್ಷದಲ್ಲಿದ್ದೇನೆ. ವಿಶ್ವವಿದ್ಯಾಲಯವೊಂದರ ಆರೋಗ್ಯ ಕೇಂದ್ರದಲ್ಲಿ ವೈದ್ಯೆಯಾಗುವ ಆಸೆ ನನ್ನದು. ಜ್ವರ, ನೆಗಡಿಗೆ ಮಾತ್ರೆ ಕೊಡಲು ಇಷ್ಟು ಓದಬೇಕೇ ಎಂದು ಮನೆಯವರು ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಈ ಕೆಲಸದ ಆಳ ಹೊರಗಿನವರಿಗೆ ಕಾಣುವುದು ಕಡಿಮೆ. ತಲೆನೋವೆಂದು ಬಂದ ಹಾಸ್ಟೆಲ್ ಹುಡುಗಿಯ ಕಣ್ಣಿನ ಕೆಳರೆಪ್ಪೆಯನ್ನು ಸರಿಸಿ ನೋಡಿದಾಗ ಒಳಭಾಗ ಬಿಳಿಚಿಕೊಂಡಿದ್ದು, ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಬಂದರೆ ಅದು ರಕ್ತಹೀನತೆ. ಆಗ ಬೆಳಗಿನ ತಿಂಡಿ ಬಿಟ್ಟು ತರಗತಿಗೆ ಓಡುತ್ತಿದ್ದಾಳೆಯೇ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯೇ ಎಂದು ಸಾವಧಾನವಾಗಿ ಕೇಳಬೇಕಾಗುತ್ತದೆ. ಚೀಟಿ ಹಿಡಿದು ಏಳುವಾಗ ಆಕೆ 'ಇನ್ನೊಂದು ವಿಷಯ ಇತ್ತು, ಡಾಕ್ಟ್ರೇ' ಎಂದರೆ, ಬಂದ ನಿಜವಾದ ಕಾರಣ ಅದೇ ಆಗಿರುವುದುಂಟು. ನಿದ್ರೆ ಕೆಟ್ಟವರನ್ನು, ಬದುಕೇ ಬೇಡವೆನಿಸಿದವರನ್ನು ಗುರುತಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಕೊಟ್ಟು, ಮನೋವೈದ್ಯರ ಬಳಿಗೆ ತಲುಪಿಸುವುದೂ ನಿಮ್ಮ ಹೊಣೆ. 18 ತುಂಬಿದವರ ವಿಷಯವನ್ನು, ಪ್ರಾಣಾಪಾಯದಂತಹ ಸಂದರ್ಭದ ಹೊರತು, ಅವರ ಒಪ್ಪಿಗೆಯಿಲ್ಲದೆ ವಾರ್ಡನ್‌ಗಾಗಲಿ ಹೆತ್ತವರಿಗಾಗಲಿ ಹೇಳಬಾರದು. ಈ ನಂಬಿಕೆ ಒಮ್ಮೆ ಮುರಿದರೆ ಆ ಬಾಗಿಲಿಗೆ ಮತ್ತೆ ಯಾರೂ ಬರುವುದಿಲ್ಲ.

ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಿ. ಬಳಿಕ ಮನೋವೈದ್ಯಕೀಯ, ಚರ್ಮರೋಗ ವಿಭಾಗಗಳಲ್ಲಿ ಕೆಲಕಾಲ ದುಡಿಯುವುದು ಒಳ್ಳೆಯದು. ಗುತ್ತಿಗೆ ಹುದ್ದೆಯಾದರೆ ಷರತ್ತುಗಳನ್ನು ಓದಿಯೇ ಸಹಿ ಹಾಕಿ. ಮುಂದೆ ಓದುವ ಮನಸ್ಸಿದ್ದರೆ ಸಮುದಾಯ ವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ಎಂಡಿ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ.