ಶಾಕ್ಸ್ ಕೊಳ್ಳುವ ಮೊದಲು ತೂಕದ ಯಂತ್ರ ಹತ್ತಿ

ಕ್ವಾಡ್ ಎಂಬ ನಾಲ್ಕು ಚಕ್ರದ ಬೈಕ್ ಓಡಿಸುವ ಓದುಗರಿಂದ ಈ ಸಲವೂ ರಾಶಿ ರಾಶಿ ಅದೇ ಪ್ರಶ್ನೆ: "ರೇಸ್ ಕ್ವಾಡ್‌ಗೆ ಯಾವ ಕಂಪನಿಯ ಶಾಕ್ಸ್ (ಶಾಕ್ ಅಬ್ಸಾರ್ಬರ್) ಬೆಸ್ಟ್?" ಎಲ್ಕಾ, ಫಾಕ್ಸ್, ಓಲಿನ್ಸ್ ಎಂದು ಮೂರು ಹೆಸರು ಬರೆದು, "ಒಂದಕ್ಕೆ ಟಿಕ್ ಹಾಕಿ ಕಳಿಸಿ" ಎಂದವರೂ ಇದ್ದಾರೆ. ತಮ್ಮ ತೂಕ ಬರೆದಿಲ್ಲ. ಮೋಟೊಕ್ರಾಸ್ ಓಡಿಸುತ್ತಾರೋ, ಮರಗಳ ನಡುವೆ ಓಡಿಸುತ್ತಾರೋ, ಅದೂ ಬರೆದಿಲ್ಲ. ನಾನೇನು ಕಣಿ ಹೇಳಬೇಕಾ? ಒಬ್ಬರು ಮಾತ್ರ ಬೇಕಾದ್ದನ್ನೆಲ್ಲ ಬರೆದಿದ್ದಾರೆ. ಹಾಗಾಗಿ ಜಾಗವೆಲ್ಲ ಬಹುತೇಕ ಅವರಿಗೇ.

ಪ್ರಶ್ನೆ: ನನ್ನದು ಯಮಹಾ ವೈಎಫ್‌ಝೆಡ್ 450ಆರ್. ರೈಡಿಂಗ್ ಗೇರ್ ಸೇರಿ ನನ್ನ ತೂಕ 98 ಕೆ.ಜಿ. ಮೋಟೊಕ್ರಾಸ್ ಓಡಿಸುತ್ತೇನೆ. ಸಾಲು ದಿಬ್ಬಗಳಲ್ಲಿ ಹಿಂಭಾಗ ಒದೆಯುತ್ತದೆ. ಜಂಪ್ ಇಳಿದಾಗ ಮುಂಭಾಗ ಧಡ್ ಎಂದು ತಳ ಹೊಡೆಯುತ್ತದೆ. ಈಗ ದುಡ್ಡಿರುವುದು ಒಂದೇ ಕೆಲಸಕ್ಕೆ. ಎರಡೂ ಕಡೆ 2 ಇಂಚು ಅಗಲ ಕೊಡುವ ಎ-ಆರ್ಮ್ (ಮುಂದಿನ ಚಕ್ರವನ್ನು ಚಾಸಿಗೆ ಜೋಡಿಸುವ ತೋಳು) ಹಾಕಿಸಲಾ, ಇಲ್ಲ ಗೆಳೆಯ ಮಾರುತ್ತಿರುವ ಲಾಂಗ್ ಟ್ರಾವೆಲ್ (ಟ್ರಾವೆಲ್, ಅಂದರೆ ಚಕ್ರ ಏರಿಳಿಯುವ ದೂರ, ಹೆಚ್ಚಿಸುವ) ಶಾಕ್ಸ್ ತಗೊಳ್ಳಲಾ? ಅವನ ತೂಕ 65 ಕೆ.ಜಿ.

ಎರಡೂ ಬೇಡ. ಸದ್ಯಕ್ಕಂತೂ ಬೇಡ.

ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಎಷ್ಟು ಬೇಗ ಅದುಮಬೇಕು, ಎಷ್ಟು ಬೇಗ ಚಿಮ್ಮಬೇಕು ಎಂದು ಹಿಡಿತ ಇಡುವುದು ಶಾಕ್ಸ್ ಒಳಗಿನ ಎಣ್ಣೆ ಮತ್ತು ವಾಲ್ವ್. ಹೊರುವವನೇ ಬಡಕಲಾದರೆ ಲಗಾಮು ಎಷ್ಟು ಒಳ್ಳೆಯದಿದ್ದು ಏನು ಬಂತು? ಕಂಪನಿಯಿಂದ ಬರುವ ಸ್ಪ್ರಿಂಗ್ ಮಧ್ಯಮ ತೂಕದವರಿಗೆ. ನೀವು ಮಧ್ಯಮ ತೂಕದವರಲ್ಲ.

ಮೊದಲು ಅಳೆಯಿರಿ. ಕ್ವಾಡನ್ನು ಸ್ಟ್ಯಾಂಡಿನ ಮೇಲಿಟ್ಟು ಚಕ್ರಗಳು ನೇತಾಡುವಂತೆ ಮಾಡಿ. ಹಿಂದಿನ ಆಕ್ಸಲ್‌ನಿಂದ ನೇರ ಮೇಲಕ್ಕೆ ಫೆಂಡರಿನ ಮೇಲೆ ಒಂದು ಗುರುತು ಹಾಕಿ, ಅಲ್ಲಿವರೆಗೆ ಟೇಪ್ ಹಿಡಿಯಿರಿ. ಆಮೇಲೆ ನೆಲಕ್ಕಿಳಿಸಿ. ಹೆಲ್ಮೆಟ್, ಬೂಟು ಎಲ್ಲ ಹಾಕಿಕೊಂಡು ಹತ್ತಿ, ಬೇರೆಯವರಿಂದ ಅದೇ ಜಾಗ ಅಳೆಸಿ. ಕಡಿಮೆಯಾದದ್ದು ಎಷ್ಟೋ ಅದೇ ಸ್ಯಾಗ್. ಒಟ್ಟು ಟ್ರಾವೆಲ್‌ನ ಮೂರನೇ ಒಂದು ಭಾಗದ ಹತ್ತಿರ ಇದ್ದರೆ ಶುರು ಮಾಡಲು ಸಾಕು. ನಿಮ್ಮ ಗಾಡಿಯ ಹಿಂದಿನ ಟ್ರಾವೆಲ್ ಹೆಚ್ಚುಕಡಿಮೆ 280 ಮಿ.ಮೀ. ಅಂದರೆ 90ರ ಆಸುಪಾಸು.

ನಿಮಗೆ ಅದಕ್ಕಿಂತ ಜಾಸ್ತಿ ಬರುತ್ತದೆ, ನೋಡಿ ಬೇಕಾದರೆ. ಆಗ ಎಲ್ಲರೂ ಮಾಡುವುದೇನು? ಸ್ಪ್ರಿಂಗನ್ನು ಮೊದಲೇ ಹಿಂಡಿ ಇಡುವ ಪ್ರೀಲೋಡ್ ರಿಂಗ್ ತಿರುಗಿಸುತ್ತಾ ಹೋಗುತ್ತಾರೆ, "ಸ್ಪ್ರಿಂಗ್ ಗಟ್ಟಿ ಮಾಡಿದೆ" ಎನ್ನುತ್ತಾರೆ. ಪ್ರೀಲೋಡ್‌ನಿಂದ ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ ಸ್ವಾಮಿ. ಗಾಡಿ ನಿಲ್ಲುವ ಎತ್ತರ ಬದಲಾಗುತ್ತದೆ, ಅಷ್ಟೇ. ಇದನ್ನು ಎಷ್ಟು ಸಲ ಬರೆದೆನೋ ನನಗೇ ಲೆಕ್ಕ ಸಿಗುತ್ತಿಲ್ಲ.

ಪರೀಕ್ಷೆ ಸುಲಭ. ಪ್ರೀಲೋಡ್ ತಿರುಗಿಸಿ 90ಕ್ಕೆ ತಂದ ಮೇಲೆ ಕೆಳಗಿಳಿಯಿರಿ. ಗಾಡಿ ತನ್ನ ಸ್ವಂತ ಭಾರಕ್ಕೆ ಎಷ್ಟು ಕೂತಿದೆ ನೋಡಿ. ಒಂಚೂರೂ ಕೂರದೆ ಸೆಟೆದು ನಿಂತಿದೆಯಾ? ಹಾಗಾದರೆ ಸ್ಪ್ರಿಂಗ್ ಮೆತ್ತಗಿದೆ. ತಲೆಕೆಳಗು ಅನಿಸುತ್ತದೆ, ಅಲ್ವಾ? ಮೆತ್ತಗಿನ ಸ್ಪ್ರಿಂಗನ್ನು ನೀವು ಮೊದಲೇ ಹಿಂಡಿ ಇಟ್ಟಿದ್ದೀರಿ, ಅದಕ್ಕೇ ಬರೀ ಗಾಡಿಯ ಭಾರಕ್ಕೆ ಜಗ್ಗುತ್ತಿಲ್ಲ. ನೀವು ಇಲ್ಲದಾಗಲೂ ಜಾಸ್ತಿ ಕೂತರೆ ಸ್ಪ್ರಿಂಗ್ ಅತಿ ಗಟ್ಟಿ. 98 ಕೆ.ಜಿ.ಗೆ ನಿಮ್ಮದು ಮೊದಲನೆಯ ಕಥೆಯೇ ಎಂದು ನನ್ನ ಅಂದಾಜು.

ಇನ್ನು ಹಿಂದಿನ ಒದೆತ. ಎಷ್ಟನೇ ದಿಬ್ಬದಲ್ಲಿ ಒದೆಯುತ್ತದೆ ಎಂದು ನೀವು ಬರೆದಿಲ್ಲ. ನನಗೆ ಬೇಕಾದದ್ದು ಅದೇ. ಮೊದಲ ದಿಬ್ಬದಿಂದಲೇ ಒದ್ದರೆ ರಿಬೌಂಡ್, ಅಂದರೆ ಅದುಮಿದ ಶಾಕ್ಸ್ ಮತ್ತೆ ಚಿಮ್ಮುವುದು, ಜಾಸ್ತಿ ಚುರುಕು. ಮೊದಲ ಮೂರು ಸರಾಗವಾಗಿ ದಾಟಿ, ನಾಲ್ಕನೆಯದರಲ್ಲೋ ಐದನೆಯದರಲ್ಲೋ ಒದ್ದರೆ ರಿಬೌಂಡ್ ನಿಧಾನ. ಪ್ರತಿ ದಿಬ್ಬಕ್ಕೂ ಅದುಮಿದ ಶಾಕ್ಸ್ ಪೂರ್ತಿ ಮೇಲೆ ಬರುವಷ್ಟರಲ್ಲಿ ಮುಂದಿನ ದಿಬ್ಬ ಬಂದಿರುತ್ತದೆ. ಹೀಗೇ ಕುಗ್ಗುತ್ತಾ ಹೋಗಿ ಕೊನೆಗೆ ಟ್ರಾವೆಲ್ ಉಳಿಯುವುದೇ ಇಲ್ಲ. ಎರಡಕ್ಕೂ ಮದ್ದು ವಿರುದ್ಧ. ದಿಬ್ಬ ಎಣಿಸದೆ ಕ್ಲಿಕ್ಕರ್ (ಇದನ್ನು ಹೊಂದಿಸುವ ತಿರುಪು) ಮುಟ್ಟಬೇಡಿ. ಮುಟ್ಟಿದರೂ ಒಂದು ಸಲಕ್ಕೆ ಎರಡೇ ಕ್ಲಿಕ್, ಅದೂ ಒಂದೇ ಕ್ಲಿಕ್ಕರ್. ನಿಂತ ಗಾಡಿಯ ಮೇಲೆ ಕೂತು ಎರಡು ಸಲ ಕುಲುಕಿ "ನಾಲ್ಕು ಕ್ಲಿಕ್ ಒಳಗೆ" ಎನ್ನುವ ಮೇಧಾವಿಗಳು ಪ್ರತಿ ಟ್ರ್ಯಾಕಿನಲ್ಲೂ ಇರುತ್ತಾರೆ. ಅವರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಅಗಲದ ಎ-ಆರ್ಮ್ ಯಾಕೆ ಬೇಡ ಎಂದರೆ, ಅದು ಸನ್ನೆಗೋಲಿನ ಲೆಕ್ಕ. ಉದಾಹರಣೆಗೆ ಶಾಕ್ಸ್ 1 ಇಂಚು ಅದುಮಿದಾಗ ಚಕ್ರ 2 ಇಂಚು ಏರುತ್ತದೆ ಅಂದುಕೊಳ್ಳಿ. ಚಕ್ರದ ಹತ್ತಿರ ಸ್ಪ್ರಿಂಗಿನ ಬಿಗಿ ಅರ್ಧ ಅಲ್ಲ, ಕಾಲು ಭಾಗ. ಈ ಅನುಪಾತ ಯಾವಾಗಲೂ ವರ್ಗದಲ್ಲಿ ಕೆಲಸ ಮಾಡುತ್ತದೆ. ಆರ್ಮ್ ಉದ್ದವಾಗಿ ಅದೇ 1 ಇಂಚಿಗೆ ಚಕ್ರ 2.2 ಇಂಚು ಏರಿದರೆ ಬಿಗಿ ಇನ್ನೂ ಶೇ. 17ರಷ್ಟು ಇಳಿಯುತ್ತದೆ. ಈಗಲೇ ತಳ ಹೊಡೆಯುತ್ತಿರುವ ಗಾಡಿ ಆಗ ಇನ್ನೂ ಜೋರಾಗಿ ಹೊಡೆಯುತ್ತದೆ. ಜೊತೆಗೆ ಹ್ಯಾಂಡಲ್ ತಿರುಗಿಸಿದಾಗ ಚಕ್ರ ತಿರುಗಿಸುವ ಟೈ ರಾಡ್ ಬದಲಿಸಬೇಕು. ಅದು ಎ-ಆರ್ಮ್‌ಗೆ ಹೊಂದದಿದ್ದರೆ ಚಕ್ರ ಏರಿಳಿದಾಗಲೆಲ್ಲ ಹ್ಯಾಂಡಲ್ ತಾನಾಗಿ ತಿರುಗುತ್ತದೆ. ನಿಮ್ಮ ರೇಸಿನ ನಿಯಮದಲ್ಲಿ ಎಷ್ಟು ಅಗಲಕ್ಕೆ ಅವಕಾಶ ಇದೆ ಎಂದು ಓದಿದ್ದೀರಾ? ಅಗಲ ಎಲ್ಲರಿಗೂ ಒಳ್ಳೆಯದೂ ಅಲ್ಲ. ಮರಗಳ ನಡುವೆ ಓಡಿಸುವವರಿಗೆಂದೇ ಯಮಹಾ ಇದೇ ಗಾಡಿಯನ್ನು ಕಿರಿದು ಮಾಡಿ 450ಎಕ್ಸ್ ಎಂದು ಮಾರಿತ್ತು. ಹಾಕಿಸುವ ದಿನ ಬಂದರೆ ಎ-ಆರ್ಮ್, ಶಾಕ್ಸ್, ಟೈ ರಾಡ್ ಒಂದೇ ಸೆಟ್ಟಾಗಿ ತನ್ನಿ.

ಗೆಳೆಯನ ಶಾಕ್ಸ್ ಬೇರೆಯವರ ಅಳತೆಗೆ ಹೊಲಿದ ಅಂಗಿ. 65 ಕೆ.ಜಿ.ಯ ಸ್ಪ್ರಿಂಗ್, 65 ಕೆ.ಜಿ.ಯ ವಾಲ್ವ್. ಮೇಲಾಗಿ ಲಾಂಗ್ ಟ್ರಾವೆಲ್ ಶಾಕ್ಸ್ ತನ್ನ ಜೊತೆಯ ಎ-ಆರ್ಮ್ ಇಲ್ಲದೆ ಕೂರುವುದೂ ಕಷ್ಟ. ನಾನೂ ಹಿಂದೆ ಕಡಿಮೆಗೆ ಸಿಕ್ಕಿತೆಂದು ಒಂದು ಜೊತೆ ತಂದಿದ್ದೆ. ಹೊರಗೆಲ್ಲ ಫಳಫಳ. ಮೂರನೇ ಲ್ಯಾಪಿನಲ್ಲಿ ಎಡಗಡೆಯದು ಎಣ್ಣೆ ಕಕ್ಕಿತು. ಟೇಬಲ್‌ಟಾಪ್ (ಚಪ್ಪಟೆ ತಲೆಯ ಜಂಪ್) ಇಳಿಯುತ್ತಿದ್ದ ಹಾಗೇ ಆ ಮೂಲೆ ಕುಸಿದು, ನಾನು ಹ್ಯಾಂಡಲ್ ಮೇಲಿಂದ ಹಾರಿದೆ. ಕೊರಳ ಮೂಳೆ ಕೂಡಲು ಎರಡು ತಿಂಗಳು ಹಿಡಿಯಿತು. ಅಂದಿನಿಂದ ಯಾರ ಹಳೇ ಶಾಕ್ಸ್ ಕಂಡರೂ ಮೊದಲು ರಾಡಿನ ಉದ್ದಕ್ಕೂ ಉಗುರು ಎಳೆಯುತ್ತೇನೆ. ಉಗುರು ಒಂದೇ ಒಂದು ಕಡೆ ತಡೆದರೂ ಬೇಡ.

ಹಾಗಾಗಿ ಇರುವ ದುಡ್ಡಿನಲ್ಲಿ ಮೂರೂ ಶಾಕ್ಸ್‌ಗೆ ನಿಮ್ಮ ತೂಕದ ಸ್ಪ್ರಿಂಗ್, ಹೊಸ ಎಣ್ಣೆ, ಹೊಸ ಸೀಲ್, ಆ ಸ್ಪ್ರಿಂಗಿಗೆ ತಕ್ಕ ವಾಲ್ವ್ ಕೆಲಸ ಮಾಡಿಸಿ. ಕಂಪನಿಯಿಂದ ಬಂದ ನಿಮ್ಮ ಸ್ಟಾಕ್ ಶಾಕ್ಸ್‌ನಲ್ಲೇ ಕಂಪ್ರೆಷನ್ (ಅದುಮುವ ವೇಗದ ಹಿಡಿತ), ರಿಬೌಂಡ್ ಎರಡೂ ತಿರುಗಿಸಲು ಸಿಗುತ್ತವೆ, ಅದನ್ನು ಪೂರ್ತಿ ಬಳಸಿದವರನ್ನು ನಾನು ಕಂಡದ್ದು ಕಡಿಮೆ. ರಾಡಿಗೆ ಸಣ್ಣ ಕೇಬಲ್ ಟೈ ಒಂದನ್ನು ಮೆತ್ತಗೆ ಬಿಗಿದು ಲ್ಯಾಪ್ ಹೊಡೆಯಿರಿ, ಶಾಕ್ಸ್ ಅದುಮಿದಷ್ಟೂ ಅದು ಜಾರುತ್ತದೆ. ದೊಡ್ಡ ಜಂಪಿನಲ್ಲಿ ಮಾತ್ರ ಅದು ಕೊನೆ ಮುಟ್ಟುತ್ತಿದ್ದರೆ ಸರಿಯಾಗಿದೆ. ಎಲ್ಲೂ ಮುಟ್ಟುತ್ತಿಲ್ಲವೆಂದರೆ ಇರುವ ಟ್ರಾವೆಲ್ಲನ್ನೇ ನೀವು ಬಳಸುತ್ತಿಲ್ಲ.

ಪ್ರಶ್ನೆ: ಹೈ-ಸ್ಪೀಡ್ ಕಂಪ್ರೆಷನ್ ಟಾಪ್ ಗೇರಿನಲ್ಲಿ ಮಾತ್ರ ಕೆಲಸ ಮಾಡುತ್ತದಾ?

ಇಲ್ಲ. ಸ್ಪೀಡ್ ಎಂದರೆ ಶಾಕ್ಸ್ ರಾಡಿನ ವೇಗ, ಗಾಡಿಯದಲ್ಲ. ನಿಧಾನಕ್ಕೆ ಹೋಗಿ ದಿಬ್ಬದಿಂದ ಧೊಪ್ಪನೆ ಬಿದ್ದರೂ ಅದು ಹೈ-ಸ್ಪೀಡ್. ಟಾಪ್ ಗೇರಿನಿಂದ ಬ್ರೇಕ್ ಹಿಡಿದಾಗ ಮೂತಿ ಬಾಗುವುದು ಲೋ-ಸ್ಪೀಡ್.

ಪ್ರಶ್ನೆ: ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಮೆತ್ತಗಾಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ.

ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಮೆಕ್ಯಾನಿಕ್ ಬದಲಿಸಿ.

ಪ್ರಶ್ನೆ: ಮುಂದಿನ ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಬಿಲ್ಲೆ ಹಾಕಿದರೆ ಎ-ಆರ್ಮ್ ಖರ್ಚು ಉಳಿಯುತ್ತದಲ್ಲ?

ಉಳಿಯುತ್ತದೆ. ಬೇರಿಂಗಿಗೂ ನಿಮ್ಮ ಮಣಿಕಟ್ಟಿಗೂ ಅದು ಖರ್ಚಾಗುತ್ತದೆ.

ಪ್ರಶ್ನೆ: ಶಾಕ್ಸ್‌ನ ರಿಸರ್ವಾಯರ್‌ಗೆ (ಒತ್ತಡದ ಅನಿಲ ಇರುವ ಡಬ್ಬಿ) ನೈಟ್ರೋಜನ್ ಬದಲು ಮನೆಯಲ್ಲೇ ಗಾಳಿ ತುಂಬಬಹುದಾ?

ಗಾಳಿಯಲ್ಲಿ ತೇವ ಇರುತ್ತದೆ, ಬಿಸಿಯಾದಾಗ ಒತ್ತಡ ಎರ್ರಾಬಿರ್ರಿ ಏರುತ್ತದೆ. ಆದರೆ ನನ್ನ ಭಯ ಅದಲ್ಲ. ತುಂಬಲು ಹೊರಟವರು ನಾಳೆ ಬಿಚ್ಚಲೂ ಹೊರಡುತ್ತಾರೆ. ಒತ್ತಡ ಬಿಡದೆ ಬಿಚ್ಚಿದ ಒಂದು ಮುಚ್ಚಳ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಶೆಡ್ಡಿನ ತಗಡಿಗೆ ತೂತು ಹಾಕಿದೆ. ಆ ತೂತನ್ನು ಇನ್ನೂ ಮುಚ್ಚಿಸಿಲ್ಲ, ಹುಡುಗರಿಗೆ ತೋರಿಸಲು ಬೇಕು.

ಪ್ರಶ್ನೆ: ಹೊಸ ಶಾಕ್ಸ್ ಹಾಕಿಸಿದರೂ ಗಾಡಿ ಕಲ್ಲಿನ ಹಾಗೆ ಗಟ್ಟಿ. ಟೈರ್ ಗಾಳಿ 12 ಪಿಎಸ್‌ಐ ಇಟ್ಟಿದ್ದೇನೆ.

ಸ್ಪೋರ್ಟ್ ಕ್ವಾಡಿಗೆ ಸಾಮಾನ್ಯವಾಗಿ 4ರಿಂದ 6 ಸಾಕು. ಗಾಳಿ ಇಳಿಸಿ ಓಡಿಸಿ ನೋಡಿ. ಆಮೇಲೂ ಗಟ್ಟಿ ಅನಿಸಿದರೆ ಮತ್ತೆ ಬರೆಯಿರಿ, ತೂಕದ ಸಮೇತ.