ಸ್ಯಾನ್ ಫ್ರಾನ್ಸಿಸ್ಕೊದಿಂದ ಗದಗಕ್ಕೆ ಎಷ್ಟು ಗಂಟೆ?

ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನ್ನಿವೇಲ್‌ನಲ್ಲಿ ಕೆಲಸಕ್ಕೆ ಸೇರಲಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ, ಮತ್ತು ಗದಗಿನಲ್ಲಿರುವ ಅವ್ವ-ಅಪ್ಪನಿಗೆ ಏನಾದರೂ ಆದರೆ ಇಲ್ಲಿಂದ ಎಷ್ಟು ಹೊತ್ತಿನಲ್ಲಿ ಮನೆ ಮುಟ್ಟಬಹುದು. ಧಾರವಾಡ ಬಿಟ್ಟು ಬಂದು ಇಲ್ಲಿ ಸಂಸಾರ ಹೂಡಿದವನಾಗಿ, ನಿಮ್ಮನ್ನು ಕಾಡುತ್ತಿರುವುದು ಎರಡನೆಯದೇ ಎಂದು ನನಗೆ ತಿಳಿಯುತ್ತದೆ.

ಎರಡೂ ವಿಮಾನ ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಅದು ಗೋಡೆಯ ನಕಾಶೆಯಲ್ಲಿ ಕಾಣುವಂತೆ ಅಡ್ಡಡ್ಡ ಹೋಗದೆ, ಉತ್ತರಕ್ಕೆ ಏರಿ ಧ್ರುವದ ಸಮೀಪದಿಂದ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹಾರಿದ್ದು ಹೀಗೆಯೇ. ಆ ನೇರ ಪಯಣಕ್ಕೆ ಸುಮಾರು 17 ಗಂಟೆ ಹಿಡಿಯಿತು. ಆದರೆ ನೇರ ವಿಮಾನ ಎಲ್ಲ ಕಾಲದಲ್ಲೂ ಇರುತ್ತದೆಂದು ನಂಬಿ ಕೂರಬೇಡಿ. ನಮ್ಮಲ್ಲಿ ಬಹುಪಾಲು ಜನ ನಡುವೆ ಒಂದು ಕಡೆ ಇಳಿದು ಹತ್ತುವವರೇ. ದುಬೈ ಮೇಲೆ ಹೋದರೆ ಒಟ್ಟು ದಾರಿ 15,700 ಕಿ.ಮೀ. ಆಸುಪಾಸು, ಫ್ರಾಂಕ್‌ಫರ್ಟ್ ಮೇಲೆ ಹೋದರೆ 16,500. ದುಬೈ ದಾರಿಯಲ್ಲಿ ಒಂದೇ ಸಲಕ್ಕೆ 16 ಗಂಟೆ ಕೂತು, ಬಳಿಕ 4 ಗಂಟೆಯಷ್ಟು ಹಾರಬೇಕು. ಫ್ರಾಂಕ್‌ಫರ್ಟ್ ದಾರಿ ಉದ್ದವಾದರೂ ಒಂಬತ್ತರಿಂದ ಹನ್ನೊಂದು ಗಂಟೆಗಳ ಎರಡು ಭಾಗವಾಗಿ ಒಡೆಯುವುದರಿಂದ, ಮೊಣಕಾಲು ನೋವಿನ ಹಿರಿಯರನ್ನು ಕರೆಸಿಕೊಳ್ಳುವಾಗ ನಾನು ಅದನ್ನೇ ಮೆಚ್ಚುತ್ತೇನೆ. ನೀವೊಬ್ಬರೇ ಅವಸರದಲ್ಲಿ ಹೊರಟರೆ ದುಬೈ ಸಾಕು.

ಇನ್ನು ಮನೆಯಿಂದ ಮನೆಗೆ ಲೆಕ್ಕ ಹಾಕೋಣ. ಸನ್ನಿವೇಲ್‌ನಿಂದ ನಿಲ್ದಾಣ ತಲುಪಿ ವಿಮಾನ ಏರುವವರೆಗೆ 4 ಗಂಟೆ, ಹಾರಾಟ 20 ಗಂಟೆ, ನಡುವೆ ಕಾಯುವುದು 3-4 ಗಂಟೆ, ದೇವನಹಳ್ಳಿಯಲ್ಲಿ ಇಮಿಗ್ರೇಶನ್ ಮುಗಿಸಿ ಸಾಮಾನು ಹಿಡಿಯಲು ಒಂದು-ಒಂದೂವರೆ ಗಂಟೆ, ಅಲ್ಲಿಂದ ಗದಗಕ್ಕೆ ರಸ್ತೆಯಲ್ಲಿ 8 ಗಂಟೆ. ಎಲ್ಲವೂ ಸುಸೂತ್ರವಾಗಿ ನಡೆದರೂ 37 ಗಂಟೆಯಾಯಿತು. ಅಂದೇ ಟಿಕೆಟ್ ಸಿಗದಿದ್ದರೆ ಇದಕ್ಕೆ ಇನ್ನೊಂದು ದಿನ ಸೇರುತ್ತದೆ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನವಿದೆಯಲ್ಲ, ಒಂದು ಗಂಟೆಯ ಮಾತು ಎಂದು ನೀವು ಕೇಳುವಿರಿ. ಅದು ಹೌದು, ಆದರೆ ವಿದೇಶದ ವಿಮಾನಗಳು ಇಳಿಯುವುದು ಎರಡನೆಯ ಟರ್ಮಿನಲ್‌ನಲ್ಲಿ, ಇಂಡಿಗೋದ ದೇಶೀಯ ವಿಮಾನಗಳು ಹೊರಡುವುದು ಒಂದನೆಯದರಿಂದ. ಆ ಟಿಕೆಟ್ ಬೇರೆಯಾಗಿ ಕೊಂಡಿದ್ದರೆ ಸಾಮಾನು ಬಿಡಿಸಿಕೊಂಡು ಟರ್ಮಿನಲ್ ಬದಲಿಸಿ ಮತ್ತೆ ತೂಕಕ್ಕೆ ಇಡಬೇಕು. ಅಮೆರಿಕದ ಟಿಕೆಟ್ ಸಾಮಾನ್ಯವಾಗಿ 23 ಕೆ.ಜಿ.ಯ ಎರಡು ಪೆಟ್ಟಿಗೆಗೆ ಅವಕಾಶ ಕೊಟ್ಟರೆ, ದೇಶೀಯ ವಿಮಾನದಲ್ಲಿ ಸಾಧಾರಣವಾಗಿ ಸಿಗುವುದು 15 ಕೆ.ಜಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಹಣವೂ ಹೋಯಿತು. ಕೈಚೀಲವೊಂದೇ ಇದ್ದು ಹೊತ್ತು ಹೊಂದಿದರೆ ಮಾತ್ರ ಅದನ್ನು ಹಿಡಿಯಿರಿ. ಇಲ್ಲವಾದರೆ ಕಾರು ಗೊತ್ತುಮಾಡಿ, ಬೆಂಗಳೂರು ಪೇಟೆಯೊಳಗೆ ಹೋಗದೆ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಹೆದ್ದಾರಿ ಸೇರಿ ತುಮಕೂರಿನ ಕಡೆ ಹೊರಡುವುದೇ ಮೇಲು.

ಗಡಿಯಾರದ ಲೆಕ್ಕ ಮನೆಯವರನ್ನು ಗಲಿಬಿಲಿಗೊಳಿಸುತ್ತದೆ. ಭಾರತ ಇಲ್ಲಿಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಮಾರ್ಚ್‌ನಿಂದ ನವೆಂಬರ್ ಆರಂಭದವರೆಗೆ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಹೀಗಾಗಿ ಶುಕ್ರವಾರ ಮಧ್ಯಾಹ್ನ ಇಲ್ಲಿ ಮನೆ ಬಿಟ್ಟವರು ಗದಗ ಮುಟ್ಟುವುದು ರವಿವಾರ ಮಧ್ಯಾಹ್ನದ ಮೇಲೆ. ಬರುವಾಗ ತದ್ವಿರುದ್ಧ: ರವಿವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ವಿಮಾನ ಏರಿದವರು ರವಿವಾರವೇ ಇಲ್ಲಿ ಇಳಿಯುತ್ತಾರೆ. ಆದ್ದರಿಂದ ಹೊರಟ ಸುದ್ದಿ ಫೋನಿನಲ್ಲಿ ತಿಳಿಸುವಾಗ ಎಷ್ಟು ಗಂಟೆಯ ಪ್ರಯಾಣ ಎಂದು ಹೇಳದೆ, ಊರಿನ ವಾರ ಮತ್ತು ವೇಳೆಯನ್ನೇ ಹೇಳಿ, ವಿಮಾನದ ಸಂಖ್ಯೆಯನ್ನು ಮನೆಯಲ್ಲಿ ಒಬ್ಬರಿಗೆ ಬರೆಸಿಡಿ.