ಬ್ರೆಜಿಲ್ ಸಿನಿಮಾ ಎಲ್ಲಿಂದ ಶುರು ಮಾಡಲಿ ಅಂದಿದ್ದಿರಲ್ಲ, ಅದಕ್ಕೆ

ಮ್ಯೂಸಿಯಂನಲ್ಲಿ ಬ್ರೆಜಿಲ್‌ನ ಈಚಿನ ಸಿನಿಮಾಗಳನ್ನು ತೋರಿಸುತ್ತಾರೆ, ನಾನು ನೋಡಿರುವುದು ರಿಯೊ ಕೊಳೆಗೇರಿಯ ಗ್ಯಾಂಗುಗಳ ಕಥೆ ‘ಸಿಟಿ ಆಫ್ ಗಾಡ್’ ಒಂದೇ, ಉಳಿದದ್ದು ಅರ್ಥ ಆಗುತ್ತಾ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ, ಧೈರ್ಯವಾಗಿ ಹೋಗಿ. ನ್ಯೂಯಾರ್ಕಿನ ಮೋಮಾ ಮ್ಯೂಸಿಯಂ 2003ರಲ್ಲಿ ರಿಯೊ ಚಿತ್ರೋತ್ಸವದ ಜೊತೆ ಸೇರಿ ‘ಪ್ರೀಮಿಯರ್ ಬ್ರೆಜಿಲ್’ ಎಂಬ ಬ್ರೆಜಿಲ್ ಸಿನಿಮಾಗಳ ಪ್ರದರ್ಶನ ಶುರು ಮಾಡಿದ್ದೂ ಹೊರಗಿನ ಪ್ರೇಕ್ಷಕರಿಗಾಗಿಯೇ ಅಲ್ವಾ?

ಆದರೆ ಆ ದೇಶ ಅಂದರೆ ಬರೀ ಗುಂಡು, ಕೊಳೆಗೇರಿ ಅಂದುಕೊಂಡು ಹೋಗಬೇಡಿ.

ಪಟ್ಟಿಯಲ್ಲಿ ಆನಾ ಮುಯಿಲಾರ್ಟ್ ಅವರ ‘ದಿ ಸೆಕೆಂಡ್ ಮದರ್’ (2015) ಇದ್ದರೆ ಮೊದಲು ಅದನ್ನೇ ನೋಡಿ. ಸಾವೊ ಪೌಲೊದ ಶ್ರೀಮಂತರ ಮನೆ. ಅಲ್ಲೇ ಇದ್ದು ಕೆಲಸ ಮಾಡುವ ವಾಲ್. ಅವಳ ಮಗಳು ಪ್ರವೇಶ ಪರೀಕ್ಷೆ ಬರೆಯಲು ಊರಿಂದ ಬರುತ್ತಾಳೆ. ಆ ಹುಡುಗಿ ಈಜುಕೊಳಕ್ಕೆ ಇಳಿದದ್ದೇ ತಡ, ಇಲಿ ಕಂಡೆ ಅಂತ ಹೇಳಿ ಯಜಮಾನಿ ನೀರನ್ನೇ ಖಾಲಿ ಮಾಡಿಸುತ್ತಾಳೆ. ಯಾರೂ ಬೈಯುವುದಿಲ್ಲ, ಆದರೂ ಎದೆ ಹಿಂಡುತ್ತದೆ. ಮುಂದೆ ಒಂದು ರಾತ್ರಿ ವಾಲ್ ತಾನೇ ಆ ಕೊಳದ ಅರೆ ನೀರಿಗೆ ಇಳಿದು ಮಗಳಿಗೆ ಫೋನ್ ಮಾಡುತ್ತಾಳೆ. ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಕಣ್ಣು ತುಂಬುತ್ತದೆ.

ಆಮೇಲೆ ಕ್ಲೆಬರ್ ಮೆಂಡೋನ್ಸಾ ಫಿಲ್ಯು ಅವರ ‘ನೇಬರಿಂಗ್ ಸೌಂಡ್ಸ್’. ರೆಸಿಫೆ ನಗರದ ಒಂದು ಬೀದಿ, ಕಾವಲಿಗೆ ಬರುವ ಕೆಲವರು, ರಾತ್ರಿಯೆಲ್ಲ ಬೊಗಳುವ ನಾಯಿ. ಇದನ್ನು ಮಾತ್ರ ಲ್ಯಾಪ್‌ಟಾಪಿನಲ್ಲಿ ನೋಡಬೇಡಿ. ಅದರ ಸದ್ದು ಕೇಳಲು ಥಿಯೇಟರ್ರೇ ಬೇಕು.

ಫಿಲ್ಯು ಅವರೇ ಇನ್ನೊಬ್ಬರ ಜೊತೆ ನಿರ್ದೇಶಿಸಿದ ‘ಬಕುರಾವ್’ ಕೊನೆಗೆ ಇಟ್ಟುಕೊಳ್ಳಿ. ಟ್ರೈಲರ್ ಕೂಡ ನೋಡದೆ ಹೋಗಿ.